ಪವಾಯಿಯ ಮ್ಯೂಸಿಕ್ ಪ್ರೋಗ್ರಾಂ

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆ. ಕೆಳಗೆ ನಮ್ಮ ಸೊಸೈಟಿಯ ಅಂಗಳದಲ್ಲಿ ಪೂಜೆಗೆಂದು ಪೆಂಡಾಲ್ ಹಾಕುತ್ತಿದ್ದಾರೆ. ಆಳೆತ್ತರದ ಎರಡು ಸ್ಪೀಕರುಗಳನ್ನು ಟೆಂಪೋದಿಂದ ಇಳಿಸಿ, ತಂತಿ ಎಳೆದು, ಒಬ್ಬಾತ ಮೈಕು ಹಿಡಿದು "ಹಲೋ, ಚೆಕ್, ಚೆಕ್, ವನ್, ಟೂ" ಎಂದ. ಈ ಕಸುಬಿನವರು ಎರಡರ ಮುಂದಕ್ಕೆ ಯಾಕೆ ಹೋಗುವುದಿಲ್ಲವೋ ನನಗೆ ಇಂದಿಗೂ ತಿಳಿದಿಲ್ಲ. ಅವನು ಇನ್ನೊಮ್ಮೆ "ಚೆಕ್" ಎನ್ನುವಷ್ಟರಲ್ಲಿ ಸ್ಪೀಕರಿನಿಂದ ಹಲ್ಲು ಜುಮ್ಮೆನ್ನುವಂಥ ಕೀರಲು ಸದ್ದೊಂದು ಹೊರಟು ಎದುರಿನ ಮರದ ಕಾಗೆಗಳೆಲ್ಲ ಹಾರಿಹೋದವು. ಮೇಲಿನ ಮಹಡಿಯವರು ಕಿಟಕಿ ಮುಚ್ಚಿದರು. ನಾನೊಬ್ಬ ಮಾತ್ರ ಲೋಟ ಹಿಡಿದುಕೊಂಡು ನಗುತ್ತಿದ್ದೆ. ನೀವು ಪಕ್ಕದಲ್ಲಿದ್ದಿದ್ದರೆ ಈ ಮುದುಕನಿಗೆ ಏನೋ ಆಗಿದೆ ಎಂದುಕೊಳ್ಳುತ್ತಿದ್ದಿರಿ. ಆಗಿರುವುದು ಏನೂ ಇಲ್ಲ. ಆ ಕೀರಲು ಸದ್ದು ಕಿವಿಗೆ ಬಿದ್ದಾಗಲೆಲ್ಲ ನಾನು ಹೆಂಡತಿಯ ಜೊತೆ ಮೊದಲ ಸಲ ಮಾತಾಡಿದ ಸಂಜೆ ನೆನಪಾಗುತ್ತದೆ, ಅಷ್ಟೆ.

ಆಗ ನಮಗೆ ಮದುವೆಯಾಗಿ ಮೂರು ತಿಂಗಳಾಗಿತ್ತು. ಮೂರು ತಿಂಗಳು ಮಾತೇ ಆಡಿರಲಿಲ್ಲವೇ ಎಂದು ನೀವು ಕೇಳಬಹುದು. ಆಡಿದ್ದೆವು. "ನೀರು ಬೇಕಾ?" "ಬೇಡ." "ಫ್ಯಾನು ಹಾಕಲಾ?" "ಹೂಂ." ಇಂಥವು. ಅದಕ್ಕೆ ಕಾರಣ ತಿಳಿಯಬೇಕಾದರೆ ಮುಂಬಯಿಯ ಸಯನ್ನಿನಲ್ಲಿದ್ದ ನಮ್ಮ ಮನೆಯನ್ನು ಒಮ್ಮೆ ನೋಡಿಕೊಂಡು ಬರಬೇಕು. ಬಹಳ ಹೊತ್ತು ಹಿಡಿಯುವುದಿಲ್ಲ. ಮನೆ ಅಷ್ಟು ದೊಡ್ಡದಿರಲಿಲ್ಲ.

ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಅಣ್ಣ, ಅಮ್ಮ, ತಂಗಿ ಪದ್ಮ. ಅಣ್ಣ ಎಂದರೆ ನಮ್ಮ ತಂದೆ. ಮೈಸೂರು ಕಡೆಯ ನಮ್ಮಂಥ ಮನೆಗಳಲ್ಲಿ ಹಾಗೆ ಕರೆಯುವುದು ರೂಢಿ. ರಾತ್ರಿ ಹತ್ತರ ಮೇಲೆ ಅಡುಗೆಮನೆ ನಮ್ಮಿಬ್ಬರದು. ಒಲೆಯ ಕಟ್ಟೆಗೂ ಅಕ್ಕಿ ಡಬ್ಬಕ್ಕೂ ನಡುವೆ ಹಾಸಿಗೆ ಬಿಚ್ಚಿದರೆ ಕಾಲು ಗ್ಯಾಸ್ ಸಿಲಿಂಡರಿಗೆ ತಾಗುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಅಗುಳಿ ಇರಲಿಲ್ಲ. ಸಾರು ಕುದಿಸುವುದಕ್ಕೆ ಅಗುಳಿ ಯಾಕೆ ಬೇಕು ಎಂದು ಕಟ್ಟಡ ಕಟ್ಟಿದವನು ಅಂದುಕೊಂಡಿರಬೇಕು. ಬೆಳಗಿನ ಜಾವ ನಾಲ್ಕೂವರೆಗೆ ನಲ್ಲಿಯಲ್ಲಿ ನೀರು ಬರುತ್ತಿತ್ತು, ಮುಕ್ಕಾಲು ಗಂಟೆಯಲ್ಲಿ ನಿಂತುಹೋಗುತ್ತಿತ್ತು. ಆದ್ದರಿಂದ ನಾಲ್ಕೂ ಇಪ್ಪತ್ತೈದಕ್ಕೆ ಬಾಗಿಲ ಆಚೆ ಅಮ್ಮ ಕೆಮ್ಮುತ್ತಿದ್ದಳು. ಅಮ್ಮನಿಗೆ ಯಾವ ಕೆಮ್ಮೂ ಇರಲಿಲ್ಲ. ಅದು ಅವಳ ಮರ್ಯಾದೆ. ನಾವು ಗಡಬಡಿಸಿ ಎದ್ದು ಹಾಸಿಗೆ ಸುತ್ತಿ, ಕಳ್ಳರ ಹಾಗೆ ಮುಖ ತಗ್ಗಿಸಿಕೊಂಡು ಈಚೆ ಬರುತ್ತಿದ್ದೆವು.

ಸಂಜೆ ಎಲ್ಲಾದರೂ ಹೊರಗೆ ಕರೆದುಕೊಂಡು ಹೋಗಬಾರದಿತ್ತೇ ಎನ್ನುತ್ತೀರಿ. ಹೋಗುತ್ತಿದ್ದೆವು. ಪದ್ಮಳೂ ಬರುತ್ತಿದ್ದಳು.

ನನ್ನ ಹೆಂಡತಿಯ ಹೆಸರು ಶೈಲಾ. ಮೈಸೂರಿನವಳು, ಹಿತ್ತಲು, ಬಾವಿ, ಮೂವರು ತಂಗಿಯರು ಇದ್ದ ಮನೆಯಲ್ಲಿ ಬೆಳೆದವಳು. ಹೆಣ್ಣು ನೋಡಲು ಹೋದ ದಿನ ನಾನು ಅವಳ ಮುಖಕ್ಕಿಂತ ಮುಂಚೆ ಅವಳ ಗಂಟಲು ಕೇಳಿದ್ದೆ. ನಾವು ಜಗುಲಿಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ "ಏ, ಆ ಸೀರೆ ಮುಟ್ಟಿದ್ರೆ ನೋಡು" ಎಂದು ಯಾರೋ ತಂಗಿಯನ್ನು ಗದರಿದ್ದು ರಸ್ತೆಯವರೆಗೆ ಕೇಳಿಸಿತು. ಆಮೇಲೆ ತಲೆ ಬಗ್ಗಿಸಿಕೊಂಡು ಕಾಫಿ ತಟ್ಟೆ ಹಿಡಿದು ಬಂದವಳು ಆ ಗದರಿದವಳೇ ಎಂದು ಗೊತ್ತಾದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಮುಂಬಯಿಗೆ ಬಂದ ಮೇಲೆ ಆ ಗಂಟಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳು ನಮ್ಮ ಮನೆಯಲ್ಲಿ ಪಿಸುಮಾತಿನಲ್ಲೇ ಉಪ್ಪು ಕೇಳುತ್ತಿದ್ದಳು, ಪಿಸುಮಾತಿನಲ್ಲೇ ನಗುತ್ತಿದ್ದಳು. ನನ್ನ ದಡ್ಡತನವನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ನಾನು ಅದನ್ನು ಹೊಂದಾಣಿಕೆ ಎಂದುಕೊಂಡೆ. ಆಫೀಸಿನಲ್ಲಿ "ನಮ್ಮನೆಯಲ್ಲಿ ಅತ್ತೆ ಸೊಸೆ ಒಂದು ಮಾತು ಜೋರಾಗಿ ಆಡಿದ್ದು ನಾನು ಕೇಳಿಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಂಡೆ ಕೂಡ.

ಆಗ ನಾನು ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ದಿನವಿಡೀ ಬೋರ್ಡಿನ ಮುಂದೆ ನಿಂತು ಯಂತ್ರದ ಭಾಗಗಳ ಚಿತ್ರ ಬರೆಯುವ ಕೆಲಸ. ಪಕ್ಕದ ಬೋರ್ಡು ದಿನಕರನದು. ಉಡುಪಿಯ ಕಡೆಯವನು, ಅವನ ತಂದೆ ಘಾಟ್ಕೋಪರಿನಲ್ಲಿ ಹೋಟೆಲು ಇಟ್ಟಿದ್ದರು. ನನ್ನ ಹೆಮ್ಮೆಯ ಮಾತನ್ನು ಕೇಳಿಸಿಕೊಂಡ ದಿನವೇ ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನನ್ನು ಒಂದು ಗಳಿಗೆ ನೋಡಿದ.

"ಎಂತ ಮಾರಾಯ, ಹೊಸತಾಗಿ ಮದುವೆ ಆದವ ನೀನು. ಆ ಹೆಂಗಸನ್ನು ಎಲ್ಲಿಗಾದ್ರೂ ಕರ್ಕೊಂಡು ಹೋದದ್ದುಂಟಾ?"

"ಮಾಟುಂಗಾಕ್ಕೆ ಹೋಗಿದ್ವಿ, ತರಕಾರಿ ತರೋಕೆ. ತಂಗೀನೂ ಬಂದಿದ್ಲು."

ಮಾರನೆಯ ದಿನ ದಿನಕರ ಎರಡು ಪಾಸು ತಂದು ನನ್ನ ಬೋರ್ಡಿನ ಮೇಲಿಟ್ಟ. "ಶನಿವಾರ ಪವಾಯಿಯಲ್ಲಿ ಮ್ಯೂಸಿಕ್ ಪ್ರೋಗ್ರಾಂ ಉಂಟು. ನನ್ನ ತಮ್ಮ ಹರೀಶ ಡ್ರಮ್ ಬಾರಿಸುದು. ನನಗೆ ಹೋಟೆಲಲ್ಲಿ ಕೂರ್ಲಿಕ್ಕುಂಟು, ನೀವಿಬ್ರು ಹೋಗಿ." ಎರಡೇ ಪಾಸು. ಪದ್ಮಳಿಗೆ ಇರಲಿಲ್ಲ. ಅವನು ಅದನ್ನು ಯೋಚಿಸಿಯೇ ಮಾಡಿದ್ದ ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು.

ಮ್ಯೂಸಿಕ್ ಪ್ರೋಗ್ರಾಂ ಎಂದರೆ ಆ ಕಾಲದಲ್ಲಿ ನನಗೆ ತಿಳಿದದ್ದು ಆರ್ಕೆಸ್ಟ್ರಾ. ಕೋಟು ತೊಟ್ಟವರು ಸಿನಿಮಾ ಹಾಡು ಹೇಳುತ್ತಾರೆ, ನಡುವೆ ಒಬ್ಬ ಮಿಮಿಕ್ರಿ ಮಾಡುತ್ತಾನೆ, ಜನ ಒನ್ಸ್ ಮೋರ್ ಎನ್ನುತ್ತಾರೆ. ಅಮ್ಮನಿಗೂ ಹಾಗೆಯೇ ಹೇಳಿದೆ. ಅಮ್ಮನಿಗೆ ಸಂಗೀತವೆಂದರೆ ಒಂದೇ ಬಗೆ. "ಯಾರ ಕಛೇರಿ?" ಎಂದು ಎರಡು ಸಲ ಕೇಳಿ, ಶೈಲಾಗೆ ಮದುವೆಯ ಹಸಿರು ರೇಷ್ಮೆ ಸೀರೆ ಉಡಲು ಹೇಳಿದಳು. ತಾನೇ ಮೊಳ ಮಲ್ಲಿಗೆ ಮುಡಿಸಿದಳು. ಬಯಲಲ್ಲಿ ಚಳಿ ಇರಬಹುದೆಂದು ನನಗೆ ತೋಳಿಲ್ಲದ ಸ್ವೆಟರು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದೆ. ನಾವು ವಿಕ್ರೋಳಿಯವರೆಗೆ ಲೋಕಲ್, ಅಲ್ಲಿಂದ ಬಸ್ಸು ಹಿಡಿದು ಕೆರೆಯ ಹತ್ತಿರ ಇಳಿದಾಗ ಹೊತ್ತು ಮುಳುಗುತ್ತಿತ್ತು. ಆಗಿನ ಪವಾಯಿ ಈಗಿನದಲ್ಲ. ಎತ್ತರದ ಕಟ್ಟಡಗಳು ಇನ್ನೂ ಎದ್ದಿರಲಿಲ್ಲ. ಗುಡ್ಡ, ಹುಲ್ಲು, ನೀರಿನ ಮೇಲೆ ಹಾರುವ ಬೆಳ್ಳಕ್ಕಿ. ಯಾರೋ ಗೆಳೆಯರ ಬಳಗದವರು ಒಂದು ಬಯಲನ್ನು ಬಾಡಿಗೆಗೆ ಹಿಡಿದು, ಬೊಂಬು ಕಟ್ಟಿ, ಹಲಗೆಯ ವೇದಿಕೆ ಮಾಡಿದ್ದರು. ಅದರ ಹಿಂದೆ ಒಂದು ಜನರೇಟರು ಗುಡುಗುಡು ಎನ್ನುತ್ತಿತ್ತು.

ಬಯಲಿನ ಒಳಗೆ ಕಾಲಿಟ್ಟ ಕೂಡಲೇ ಎಲ್ಲೋ ತಪ್ಪಾಗಿದೆ ಎನ್ನಿಸಿತು. ಹುಲ್ಲಿನ ಮೇಲೆ ಕುಳಿತ ಹುಡುಗರಿಗೆಲ್ಲ ನನ್ನ ತಂಗಿಗಿಂತ ಉದ್ದ ಕೂದಲು. ಹುಡುಗಿಯರು ಮಂಡಿ ಹರಿದ ಪ್ಯಾಂಟು ತೊಟ್ಟು ಗೋಣಿಯ ಮೇಲೆ ಒರಗಿದ್ದರು. ಇಡೀ ಬಯಲಿನಲ್ಲಿ ರೇಷ್ಮೆ ಸೀರೆ ಒಂದೇ. ಗೇಟಿನಲ್ಲಿದ್ದ ತರುಣ ಶೈಲಾಳ ಮಲ್ಲಿಗೆಯನ್ನೂ ನನ್ನ ಸ್ವೆಟರನ್ನೂ ನೋಡಿ, ತುಂಬ ಗೌರವದಿಂದ ಎದ್ದು ನಿಂತ.

"ಆಯಿಯೇ ಅಂಕಲ್, ಆಯಿಯೇ ಆಂಟಿ. ಬ್ಯಾಂಡ್‌ವಾಲೋಂ ಕೇ ಪೇರೆಂಟ್ಸ್ ಆಗೇ ಬೈಠೇಂಗೇ."

ಬ್ಯಾಂಡಿನವರ ತಂದೆತಾಯಿಗಳು ಮುಂದೆ ಕೂರಬೇಕಂತೆ. ನನಗೆ ಆಗ ಇಪ್ಪತ್ತೆಂಟು ವರ್ಷ, ಶೈಲಾಗೆ ಇಪ್ಪತ್ತಮೂರು. ಅವನಿಗೂ ಇಪ್ಪತ್ತೈದಕ್ಕೆ ಕಡಿಮೆ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ನಮ್ಮನ್ನು ವೇದಿಕೆಯ ಮುಂದೆ ಹಾಕಿದ್ದ ನಾಲ್ಕೇ ನಾಲ್ಕು ಮಡಚುವ ಕುರ್ಚಿಗಳತ್ತ ಕರೆದೊಯ್ದು ಕೂರಿಸಿಬಿಟ್ಟ. ಕುರ್ಚಿಯಿಂದ ಆರು ಅಡಿ ದೂರದಲ್ಲಿ ನನಗಿಂತ ಎತ್ತರದ ಸ್ಪೀಕರು. ಉಳಿದ ಎರಡು ಕುರ್ಚಿಗಳಿಗೆ ಯಾರೂ ಬರಲಿಲ್ಲ. ನಿಜವಾದ ತಂದೆತಾಯಿಗಳಿಗೆ ಬುದ್ಧಿ ಇತ್ತು.

ಒಬ್ಬ ಬಂದು ಮೈಕಿನಲ್ಲಿ "ಚೆಕ್, ಚೆಕ್" ಎಂದ. ಆ ಕೀರಲು ಸದ್ದು ಬಂತು. ಆಮೇಲೆ ಮೊದಲ ತಂಡ ಶುರುಮಾಡಿತು.

ಅದನ್ನು ಹೇಗೆ ಹೇಳಲಿ. ಅದು ಕಿವಿಗೆ ಬರಲಿಲ್ಲ, ನೇರ ಹೊಟ್ಟೆಗೆ ಬಂತು. ಅಂಗಿಯ ಗುಂಡಿಗಳು ನಡುಗಿದವು. ಹಾಡುತ್ತಿದ್ದವನು ಮೈಕನ್ನು ನುಂಗುವಂತೆ ಬಾಯಿಗೆ ಒತ್ತಿಕೊಂಡು ಏನನ್ನೋ ಹೇಳುತ್ತಿದ್ದ. ಯಾವ ಭಾಷೆ ಎಂದು ಕೂಡ ಗೊತ್ತಾಗಲಿಲ್ಲ. ಶೈಲಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕು ಜನರ ನಡುವೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನನಗೆ ಅವಮಾನದಿಂದ ಅಳುವಷ್ಟಾಯಿತು. ಮೂರು ತಿಂಗಳಲ್ಲಿ ಒಂದು ದಿನ ಹೆಂಡತಿಯನ್ನು ಹೊರಗೆ ಕರೆತಂದರೆ, ಅದೂ ಎಂಥ ಕಡೆಗೆ.

"ಹೋಗೋಣ್ವಾ?" ಎಂದೆ.

ಅವಳ ತುಟಿ ಅಲ್ಲಾಡಿತು. ಏನೂ ಕೇಳಿಸಲಿಲ್ಲ.

"ಎದ್ದು ಹೋಗೋಣ್ವಾ?"

ಅವಳು ನನ್ನ ಕತ್ತು ಹಿಡಿದು ಬಗ್ಗಿಸಿ, ಕಿವಿಗೆ ಬಾಯಿ ಹಚ್ಚಿ, "ಕೂಗಿ ಹೇಳಿ" ಎಂದಳು.

ಕೂಗಿದೆ. ಅವಳು ತಲೆಯಾಡಿಸಿದಳು. "ಬೇಡ, ಇರೋಣ." ಮತ್ತೆ ನನ್ನ ಕಿವಿಯನ್ನು ಹತ್ತಿರ ಎಳೆದುಕೊಂಡಳು. "ಇಲ್ಲಿ ಎಷ್ಟು ಜೋರಾಗಿ ಮಾತಾಡಿದ್ರೂ ಯಾರಿಗೂ ಕೇಳಿಸಲ್ಲ ಅಲ್ವಾ?"

"ನಂಗೇ ಕೇಳಿಸ್ತಿಲ್ಲ" ಎಂದೆ.

ಅವಳು ಪರೀಕ್ಷೆ ಮಾಡಿದಳು. ವೇದಿಕೆಯ ಕಡೆಗೆ ಮುಖ ಮಾಡಿ, ಮೈಸೂರಿನ ಹಿತ್ತಲಿನಿಂದ ಬೀದಿಯ ಸೊಪ್ಪಿನವಳನ್ನು ಕರೆಯುವ ಹಾಗೆ, "ಓ" ಎಂದು ಉದ್ದಕ್ಕೆ ಕೂಗಿದಳು. ಗೇಣು ದೂರದಲ್ಲಿದ್ದ ನನಗೆ ಅದು ಎಲ್ಲೋ ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಹಿಂದೆ ಕುಳಿತವರು ತಿರುಗಿಯೂ ನೋಡಲಿಲ್ಲ. ಅವಳು ಇನ್ನೊಂದು ಸಲ ಕೂಗಿದಳು, ಇನ್ನೂ ಉದ್ದಕ್ಕೆ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆಗೆ ತಿರುಗಿ ಕುಳಿತಳು. ನಮ್ಮ ಮಾತು ಶುರುವಾದದ್ದು ಹೀಗೆ.

ಮೊದಲು ಬಂದದ್ದು ಕಾಫಿ. "ನಿಮ್ಮನೆ ಕಾಫಿ ನೀರು ನೀರು. ಮೂರು ತಿಂಗಳಿಂದ ಕುಡೀತಿದೀನಿ." ಆಮೇಲೆ ಲೋಕಲ್ ಟ್ರೇನು: ಹೆಂಗಸರ ಡಬ್ಬಿಯಲ್ಲಿ ಒಬ್ಬಳೇ ಹೋದಾಗ ಇಳಿಯಬೇಕಾದ ಸ್ಟೇಷನ್ನಿನಲ್ಲಿ ಇಳಿಯಲಾಗದೆ ಮುಂದಕ್ಕೆ ಹೋಗಿ, ಅಳುತ್ತ ವಾಪಸು ಬಂದಳಂತೆ. ಮನೆಯಲ್ಲಿ ಹೇಳಿರಲಿಲ್ಲ. ಆಮೇಲೆ, ಅವಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಬೇಕೆಂಬ ಆಸೆ, ಬಿ.ಎಡ್. ಓದಿದ್ದಾಳೆ ಎಂಬುದೇ ನನಗೆ ಮರೆತುಹೋಗಿತ್ತು. ಮೊದಲ ತಂಡ ಹೋಗಿ ಎರಡನೆಯದು ಬಂತು. ಅವರೇನು ಹಾಡಿದರು ಎಂದು ಕೇಳಬೇಡಿ. ನಾನು ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಇನ್ನೊಂದನ್ನು ಹೆಂಡತಿಗೆ ಕೊಟ್ಟು ಕುಳಿತಿದ್ದೆ. ಹಾಡು ನಿಂತು ಜನ ಚಪ್ಪಾಳೆ ತಟ್ಟುವಾಗ ಅವಳೂ ಮಾತು ನಿಲ್ಲಿಸುತ್ತಿದ್ದಳು. ಗಿಟಾರು ಶುರುವಾದ ಕೂಡಲೇ ಬಿಟ್ಟ ಕಡೆಯಿಂದ ಹಿಡಿಯುತ್ತಿದ್ದಳು.

ಎರಡನೆಯ ತಂಡದ ಕೊನೆಯ ಹಾಡಿನಲ್ಲಿ ಅವಳು ಅಂದಳು: "ಯುಗಾದಿಗೆ ಊರಿಗೆ ಹೋಗ್ತೀನಲ್ಲ. ವಾಪಸ್ ಬರಬಾರದು ಅಂದ್ಕೊಂಡಿದೀನಿ."

ಕೇಳಿಸಲಿಲ್ಲ ಎಂದು ನಟಿಸಬಹುದಿತ್ತು. ಕೇಳಿಸಿತ್ತು. ನಾನು ಅವಳ ಕಿವಿಗೆ ಬಗ್ಗಿ, "ನನ್ನ ಮೇಲೆ ಬೇಜಾರಾ?" ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ವೇದಿಕೆಯ ಕೆಂಪು ದೀಪ ಅವಳ ಕೆನ್ನೆಯ ಮೇಲೆ ಬಿದ್ದಿತ್ತು. "ಬೇಜಾರು ಮಾಡ್ಕೊಳ್ಳೋಕೆ ನೀವು ಯಾರು ಅಂತ್ಲೇ ನಂಗೆ ಗೊತ್ತಿಲ್ವಲ್ಲ."

ನಾನು ವೇದಿಕೆಯ ಕಡೆಗೆ ತಿರುಗಿ ಕುಳಿತೆ. ಆ ಸದ್ದಿನಲ್ಲಿ ಮೌನವಾಗಿರುವುದು ಕೂಡ ಯಾರಿಗೂ ಕಾಣುವುದಿಲ್ಲ, ಅದೊಂದು ಉಪಕಾರ.

ಮೂರನೆಯದು ಹರೀಶನ ತಂಡ. ದಿನಕರನ ಮೂಗು, ದಿನಕರನ ಹುಬ್ಬು, ಆದ್ದರಿಂದ ಹುಡುಗನನ್ನು ಗುರುತು ಹಿಡಿದೆ. ಮೊದಲಿನ ಎರಡು ತಂಡಗಳವರು ಹೇಳಿದ್ದು ಅಲ್ಲಿನ ಜನರಿಗೆ ಗೊತ್ತಿದ್ದ ವಿಲಾಯತಿ ಹಾಡುಗಳಂತೆ. ಇವರು ಹಾಗಲ್ಲ. ಹಾಡುವವನು ಮೈಕಿನಲ್ಲಿ, ಇವತ್ತು ನಾವು ನಮ್ಮದೇ ಹಾಡುಗಳನ್ನು ಮಾತ್ರ ಹಾಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ಒಂದು ಹಾಡಿನವರೆಗೆ ಜನ ಸುಮ್ಮನಿದ್ದರು. ಎರಡನೆಯದಕ್ಕೆ ಹಿಂದಿನಿಂದ ಶಿಳ್ಳೆ ಬಂತು. ಗೊತ್ತಿರುವ ಹಾಡು ಹೇಳಿ ಎಂದು ನಾಲ್ಕೂ ಕಡೆಯಿಂದ ಕೂಗು. ಕಾಗದದ ಉಂಡೆಗಳು ವೇದಿಕೆಯ ಮೇಲೆ ಬಿದ್ದವು. ಹಾಡುವವನ ದನಿ ಅಲುಗಿತು. ಆದರೂ ಅವರು ನಿಲ್ಲಿಸಲಿಲ್ಲ, ಇನ್ನೂ ಜೋರು ಮಾಡಿದರು. ಅಷ್ಟು ಜೋರಿನಲ್ಲಿ ಶೈಲಾಗೆ ಮತ್ತೆ ಧೈರ್ಯ ಬಂತು. ಅವಳು ಕುರ್ಚಿಯ ಅಂಚಿಗೆ ಸರಿದು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಎದೆಯ ತುಂಬ ಉಸಿರು ತೆಗೆದುಕೊಂಡಳು.

ಆ ಗಳಿಗೆಯಲ್ಲಿ ಜನರೇಟರು ಕೆಟ್ಟಿತು.

ದೀಪಗಳು ಆರಿದವು. ಗಿಟಾರುಗಳು ಸತ್ತವು. ಡ್ರಮ್ಮಿನವನ ಕೈ ಕೂಡ ಗಾಳಿಯಲ್ಲೇ ನಿಂತಿತು. ಆ ಪೂರ್ತಿ ನಿಶ್ಶಬ್ದದಲ್ಲಿ, ಕೆರೆಯಿಂದ ಗುಡ್ಡದವರೆಗೆ, ನನ್ನ ಹೆಂಡತಿಯ ಮೈಸೂರು ಗಂಟಲು ಮೊಳಗಿತು:

"ಅಡುಗೆಮನೇಲಿ ಮಲಗೋಕೆ ನಂಗೆ ಇಷ್ಟ ಇಲ್ಲ."

ಮುಂಬಯಿಯಲ್ಲಿ ಕನ್ನಡದಲ್ಲಿ ಗುಟ್ಟು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ನಂಬಿದವನು ನಾನು. ಕತ್ತಲಲ್ಲಿ ಎರಡು ಕ್ಷಣ ಕಳೆಯಿತು. ಹಿಂದೆ ಎಲ್ಲಿಂದಲೋ ಒಬ್ಬ ಗಂಡಸು ನಿಧಾನವಾಗಿ, ಧಾರವಾಡದ ಕಡೆಯ ಮಾತಿನಲ್ಲಿ ಉತ್ತರ ಕೊಟ್ಟ.

"ಯಾರಿಗ್ ಇಷ್ಟ ಐತ್ರೀ ಅಕ್ಕಾರ. ಏನ್ ಮಾಡೂದು."

ನಾನು ನೆಲ ಬಿರಿದು ಒಳಗೆ ಹೋಗಬಾರದೇ ಎಂದುಕೊಂಡೆ. ಪಕ್ಕದಲ್ಲಿ ಶೈಲಾ ಅಳುತ್ತಾಳೆ ಎಂದು ಅವಳ ಕೈ ಹುಡುಕಿದೆ. ಅವಳು ನಗುತ್ತಿದ್ದಳು. ಮೊದಲು ಭುಜ ಕುಲುಕಿತು, ಆಮೇಲೆ ದನಿ ಹೊರಟಿತು. ತಡೆಯಲಾಗದೆ, ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದೆ, ಜೋರಾಗಿ ನಕ್ಕಳು. ಆ ನಗೆಯ ಮೇಲೆಯೇ ವೇದಿಕೆಯಿಂದ ಡ್ರಮ್ಮು ಶುರುವಾಯಿತು.

ಡ್ರಮ್ಮಿಗೆ ಕರೆಂಟು ಬೇಡವಲ್ಲ. ಹರೀಶ ಕತ್ತಲಲ್ಲೇ ಬಾರಿಸತೊಡಗಿದ. ಮೊದಲು ಮೆಲ್ಲಗೆ, ಮಳೆ ಬರುವ ಮುಂಚೆ ತಗಡಿನ ಮೇಲೆ ಹನಿ ಬಿದ್ದ ಹಾಗೆ. ಶಿಳ್ಳೆ ಹಾಕುತ್ತಿದ್ದವರು ಸುಮ್ಮನಾದರು. ಯಾರೋ ಸ್ಕೂಟರನ್ನು ಹುಲ್ಲಿನ ಮೇಲೆ ತಳ್ಳಿಕೊಂಡು ಬಂದು, ಸ್ಟಾರ್ಟ್ ಮಾಡಿ ಅದರ ದೀಪವನ್ನು ವೇದಿಕೆಗೆ ಹಿಡಿದರು. ಇನ್ನೊಂದು ಬಂತು, ಮತ್ತೊಂದು ಬಂತು. ಆ ಹಳದಿ ಬೆಳಕಿನಲ್ಲಿ ಬೆವರಿದ ಒಬ್ಬ ಹುಡುಗ, ಅವನ ಹಿಂದೆ ಪರದೆಯ ಮೇಲೆ ಅವನ ದೊಡ್ಡ ನೆರಳು. ಕೈಯಲ್ಲಿ ಗಿಟಾರು ಇದ್ದವರು ಅದನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದರು, ಹಾಡುವವನು ಬರಿ ಗಂಟಲಿನಲ್ಲಿ ತಮ್ಮದೇ ಹಾಡಿನ ಒಂದು ಸಾಲನ್ನು ಮತ್ತೆ ಮತ್ತೆ ಹೇಳಿದ. ಅದನ್ನೇ ಬಯಲೆಲ್ಲ ಹೇಳಿತು. ಹತ್ತು ನಿಮಿಷದ ಹಿಂದೆ ಕಾಗದ ಎಸೆದವರೂ ಹೇಳಿದರು. ಶೈಲಾ ಯಾವಾಗ ಎದ್ದು ನಿಂತಳೋ ನಾನು ನೋಡಲಿಲ್ಲ. ಮಲ್ಲಿಗೆ ಜಾರಿ ಬೆನ್ನಿಗೆ ಬಂದಿತ್ತು. ಅವಳು ಎರಡೂ ಕೈ ಎತ್ತಿ ತಟ್ಟುತ್ತಿದ್ದಳು, ಬಾಯಿ ಬಿಟ್ಟು ಕೂಗುತ್ತಿದ್ದಳು, ಈ ಸಲ ಎಲ್ಲರಿಗೂ ಕೇಳಿಸುವ ಹಾಗೆ. ನಾನು ಕುಳಿತಲ್ಲಿಂದಲೇ ಅವಳನ್ನು ನೋಡಿದೆ. ನನ್ನ ಹೆಂಡತಿ ಸುಂದರಿ ಎಂದು ಅಲ್ಲಿಯವರೆಗೆ ಬೇರೆಯವರು ಹೇಳಿದ್ದನ್ನು ಕೇಳಿದ್ದೆ.

ಜನರೇಟರು ಮತ್ತೆ ಗುಡುಗುಡು ಎನ್ನಲು ಕಾಲು ಗಂಟೆ ಹಿಡಿಯಿತು. ಅಷ್ಟರವರೆಗೂ ಅವನು ಬಾರಿಸಿದ.

ಮುಗಿದ ಮೇಲೆ ಹರೀಶ ನಮ್ಮನ್ನು ಹುಡುಕಿಕೊಂಡು ಬಂದ. ಮುಂಬಯಿಯಲ್ಲೇ ಹುಟ್ಟಿ ಬೆಳೆದವನು. ಕನ್ನಡವನ್ನು ಹಳ್ಳ ದಾಟುವವನ ಹಾಗೆ ಕಲ್ಲು ನೋಡಿ ನೋಡಿ ಹೆಜ್ಜೆ ಇಡುತ್ತಿದ್ದ. ಅಂಗೈಯ ಚರ್ಮ ಎದ್ದು ಬಂದಿತ್ತು, ಅದಕ್ಕೆ ಕರವಸ್ತ್ರ ಸುತ್ತಿಕೊಂಡಿದ್ದ.

"ಅಕ್ಕ, ಕಿಚನ್ ಅಂತ ಹೇಳಿದ್ದು... ನೀವಾ?"

ಶೈಲಾ ತಲೆ ತಗ್ಗಿಸಿದಳು.

"ನನಗೆ ಕೇಳ್ತು. ಲೈಟ್ ಹೋಯ್ತಲ್ಲ, ಮೈ ಡರ್ ಗಯಾ ಥಾ, ಹೆದರಿಕೆ ಆಯ್ತು. ಜನ ಹೊಡೀತಾರೆ ಅಂತ. ಎದ್ದು ಹೋಗುದು ಅಂತ ಸ್ಟಿಕ್ ಕೆಳಗೆ ಇಟ್ಟೆ. ಫಿರ್ ನಿಮ್ದು ಕೇಳ್ತು. ಹಿಂದೆ ಕೂತ ಆ ಅಂಕಲ್ ಹೇಳಿದ್ದು ಕೇಳ್ತು. ನನಗೆ ನಗು ಬಂತು. ನಗು ಬಂದ್ರೆ ಡರ್ ನಹೀ ಲಗ್ತಾ ನಾ. ಅದಕ್ಕೆ ಬಾರ್ಸಿದೆ." ನಾಚಿಕೊಂಡು ಸೇರಿಸಿದ: "ಹೋಟೆಲಲ್ಲಿ ನಾನು ಕೂಡ ಕಿಚನ್‌ದು ಬಾಜೂಗೇ ಮಲಗುದು."

ಹಿಂತಿರುಗುವಾಗ ಲೋಕಲ್ಲಿನಲ್ಲಿ ಜನ ಕಡಿಮೆ. ಕಿಟಕಿಯ ಪಕ್ಕ ಕುಳಿತು ಶೈಲಾ ಸಯನ್ನಿನವರೆಗೆ ಮಾತಾಡಿದಳು, ಅಲ್ಲ, ಮಾತಾಡಲು ನೋಡಿದಳು; ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬೆಳಿಗ್ಗೆ ಅಮ್ಮ ಮೆಣಸಿನ ಕಷಾಯ ಮಾಡಿ ಅವಳ ಮುಂದೆ ಹಿಡಿದು, ನನ್ನನ್ನು ನೋಡಿ ಕೇಳಿದಳು. "ಕಛೇರಿಯಲ್ಲಿ ಹಾಡಿದೋರ ಗಂಟಲು ಕಟ್ಟೋದು ಕೇಳಿದೀನಿ. ಕೇಳೋಕೆ ಹೋದವಳದ್ದು ಯಾಕೋ ಕಟ್ಟಿತು?"

ಅಮ್ಮನಿಗೆ ವಿಷಯ ಹೇಳಲು ನನಗೆ ಎಂಟು ದಿನ ಬೇಕಾಯಿತು. ಸೊಸೆ ಬಂದ ಮೂರೇ ತಿಂಗಳಿಗೆ ಮಗ ಬೇರೆ ಮನೆ ಮಾಡುತ್ತೇನೆ ಎನ್ನುವುದು ಆಗ ಸಣ್ಣ ಮಾತಲ್ಲ. ಕಟ್ಟಡದವರು ಏನೆನ್ನುತ್ತಾರೆ, ಮೈಸೂರಿನವರು ಏನೆನ್ನುತ್ತಾರೆ, ಅಣ್ಣ ಊಟ ಬಿಟ್ಟರೆ ಏನು ಗತಿ, ಎಲ್ಲವನ್ನೂ ಎಣಿಸಿ ಎಣಿಸಿ ಎದೆ ಒಡೆದುಕೊಂಡಿದ್ದೆ. ಶೈಲಾ ಪದ್ಮಳ ಜೊತೆ ಅಂಗಡಿಗೆ ಹೋಗಿದ್ದ ಒಂದು ಸಂಜೆ, ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತು, "ಅವಳಿಗೆ ಇಲ್ಲಿ ಮಲಗೋಕೆ ಇಷ್ಟ ಇಲ್ವಂತೆ ಅಮ್ಮ" ಎಂದೆ.

"ಅವಳೇ ಹೇಳಿದ್ಲಾ?"

"ಹೂಂ."

"ಬಾಯಿ ಬಿಟ್ಟು ಹೇಳಿದ್ಲಾ?"

ಪವಾಯಿ ಕೆರೆಯವರೆಗೆ ಕೇಳಿಸುವಷ್ಟು ಬಿಟ್ಟಿದ್ದಳು ಎನ್ನಲು ನನಗೆ ಧೈರ್ಯವಾಗಲಿಲ್ಲ. "ಹೂಂ" ಎಂದೆ.

ಅಮ್ಮ ಈಳಿಗೆಯನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮಜ್ಜಿ ಹೋಗೋವರೆಗೆ ನಾನು ಹನ್ನೊಂದು ವರ್ಷ ಇದೇ ಜಾಗದಲ್ಲಿ ಮಲಗಿದೀನಿ. ಇಷ್ಟಾನಾ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬಹುದು ಅಂತ್ಲೇ ಗೊತ್ತಿರಲಿಲ್ಲ ನಂಗೆ." ಹೆಚ್ಚಿದ ಕಾಯಿಯನ್ನು ಸುಮ್ಮನೆ ಒಟ್ಟುಮಾಡಿದಳು. "ಅವಳು ಹೇಳಿದ್ದು ಒಳ್ಳೇದಾಯ್ತು. ಹೋಗಿ. ಭಾನುವಾರ ಬಂದು ಊಟ ಮಾಡ್ಕೊಂಡು ಹೋಗಿ."

ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ ಅಣ್ಣನಿಗೆ ಎಲ್ಲವೂ ಕೇಳಿಸಿತ್ತು. ಆ ಮನೆಯಲ್ಲಿ ಕೇಳಿಸದೇ ಇರಲು ಸಾಧ್ಯವೇ ಇರಲಿಲ್ಲ. ಪತ್ರಿಕೆಯ ಹಿಂದಿನಿಂದ ಅಣ್ಣನ ದನಿ ಬಂತು. "ಗಾಳಿ ಬೆಳಕು ಇರೋ ಕಡೆ ನೋಡು." ಆಮೇಲೆ, ಇನ್ನೂ ಮೆಲ್ಲಗೆ, "ನೀರು ಎಷ್ಟು ಹೊತ್ತಿಗೆ ಬರತ್ತೆ ಕೇಳ್ಕೋ."

ವಿಕ್ರೋಳಿಯ ಒಂದು ಚಾಳಿನಲ್ಲಿ, ಸಾಲುಮನೆಗಳ ಕಟ್ಟಡದಲ್ಲಿ, ರೂಮು ಹುಡುಕಿಕೊಟ್ಟವನು ದಿನಕರ. ಒಂದೇ ರೂಮು, ಆದರೆ ಬಾಗಿಲಿಗೆ ಅಗುಳಿ ಇತ್ತು. ಯುಗಾದಿಗೆ ಶೈಲಾ ಮೈಸೂರಿಗೆ ಹೋದಳು. ತಿಂಗಳು ಇದ್ದು ಬಾ ಎಂದು ನಾನೇ ಹೇಳಿ ಕಳಿಸಿದ್ದೆ. ಹೇಳಿದ್ದು ಧಾರಾಳದಿಂದಲ್ಲ, ಹೆದರಿಕೆಯಿಂದ. ರೂಮಿನ ಗೋಡೆಗೆ ಸುಣ್ಣ ಹೊಡೆಯುತ್ತ, ಅವಳು ಬರದೆ ಹೋದರೆ ಈ ಸುಣ್ಣ ಯಾರಿಗೆ ಎಂದು ಯೋಚಿಸುತ್ತಿದ್ದೆ. ಹನ್ನೆರಡನೆಯ ದಿನ ಕಾಗದ ಬಂತು, ಹದಿನಾರನೆಯ ದಿನ ದಾದರಿನಲ್ಲಿ ಇಳಿದಳು. ನಾನು ಅವಳನ್ನು ಹುಡುಕಬೇಕಾಗಲಿಲ್ಲ. ಪ್ಲಾಟ್‌ಫಾರಂನ ಇನ್ನೊಂದು ತುದಿಯಿಂದ, "ಮೆಲ್ಲಗೆ ಇಡಪ್ಪ, ಅದರಲ್ಲಿ ಕಾಫಿ ಫಿಲ್ಟರ್ ಇದೆ" ಎಂದು ಕೂಲಿಗೆ ಕನ್ನಡದಲ್ಲಿ ಗದರುತ್ತಿದ್ದುದು ಕೇಳಿಸಿತು.

ಮುಂದಿನ ನಾಲ್ಕೈದು ಚಳಿಗಾಲ ನಾವು ಇಂಥ ಕಾರ್ಯಕ್ರಮಗಳಿಗೆ ಹೋದೆವು. ಪಾಸು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಟಿಕೇಟು. ಶೈಲಾಗೆ ಆ ಸಂಗೀತದ ಹುಚ್ಚು ಹಿಡಿದಿದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅವಳ ಹುಟ್ಟಿದ ಹಬ್ಬಕ್ಕೆ ಕ್ಯಾಸೆಟ್ಟು ತಂದುಕೊಟ್ಟೆ, ಒಂದು ವರ್ಷ ಕಿವಿಗೆ ಹಾಕಿಕೊಳ್ಳುವ ಪುಟ್ಟ ಟೇಪ್ ರೆಕಾರ್ಡರ್ ತಂದೆ. ಅವಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು ಆಗ. ಮಗಳು ಹುಟ್ಟಿದ ಮೇಲೆ ಹೋಗುವುದು ನಿಂತಿತು. ಹರೀಶನ ತಂಡವೂ ಒಂದು ದಿನ ಒಡೆಯಿತು. ಅವನು ಈಗ ಠಾಣೆಯಲ್ಲಿ ಹೋಟೆಲು ನಡೆಸುತ್ತಾನೆ, ಕೂದಲು ಉದ್ದವಿಲ್ಲ, ಕನ್ನಡ ಸುಧಾರಿಸಿದೆ. ದಿನಕರ ಹೋಗಿ ಐದು ವರ್ಷವಾಯಿತು. ಅಣ್ಣ ಅಮ್ಮ ಇಬ್ಬರೂ ಇಲ್ಲ. ಕೊನೆಯ ವರ್ಷಗಳಲ್ಲಿ ಅಮ್ಮ ನಮ್ಮ ಜೊತೆಗೇ ಇದ್ದಳು, ಗಾಳಿ ಬರುವ ಕೋಣೆಯಲ್ಲಿ, ಮಂಚದ ಮೇಲೆ.

ಇಷ್ಟು ಬರೆದು, ಮಧ್ಯಾಹ್ನ ಶೈಲಾಗೆ ಓದಿ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು, ಕೆಂಪು ಶಾಯಿಯ ಪೆನ್ನಿಲ್ಲದ ಮೇಷ್ಟರ ಹಾಗೆ, ಅಡ್ಡ ಮಾತಾಡದೆ ಕೇಳಿದಳು. ಅಮ್ಮನ ಮಾತು ಬಂದಾಗ ಕಿಟಕಿಯ ಕಡೆ ನೋಡಿದಳು. ಕೊನೆಯಲ್ಲಿ, "ಚೆನ್ನಾಗಿದೆ. ಒಂದು ತಪ್ಪಿದೆ" ಎಂದಳು.

"ಸೀರೆ ಹಸಿರಲ್ವಾ?"

"ಸೀರೆ ಸರಿ. ನಂಗೆ ಆ ಸಂಗೀತದ ಹುಚ್ಚು ಅಂತ ಬರೆದಿದೀರಲ್ಲ, ಅದು. ಹರೀಶ ಅವತ್ತು ಕತ್ತಲಲ್ಲಿ ಬಾರಿಸಿದ್ದು ಚೆನ್ನಾಗಿತ್ತು. ಮಿಕ್ಕಿದ್ದೆಲ್ಲ ತಲೆನೋವು."

ನಾನು ಕಾಗದವನ್ನು ಮಡಿಲಿಗೆ ಇಳಿಸಿದೆ. "ಮತ್ತೆ ನಾಲ್ಕೈದು ವರ್ಷ ಬಂದ್ಯಲ್ಲ?"

"ಅಲ್ಲಿ ನೀವು ಬಗ್ಗಿ ಕೇಳ್ತಿದ್ರಿ."

"ಆ ಕ್ಯಾಸೆಟ್ಟುಗಳು?"

"ಪದ್ಮನ ಮಗನಿಗೆ ಕೊಟ್ಟೆ."

ಮೂವತ್ತು ವರ್ಷಕ್ಕೂ ಮೀರಿ ನನ್ನ ಹೆಂಡತಿಯ ಬಗ್ಗೆ ಹೆಮ್ಮೆಯಿಂದ ಹೇಳಿಕೊಂಡು ಬಂದ ಎರಡನೆಯ ಮಾತೂ ಸುಳ್ಳಾಯಿತು. ನನಗೆ ನಗು ಬಂತು, ಜೊತೆಗೆ ಇನ್ನೇನೋ ಬಂತು. ಈ ಮನೆಯಲ್ಲಿ ಈಗ ನಾವಿಬ್ಬರೇ. ಮಗಳು ಅಳಿಯ ಹತ್ತು ನಿಮಿಷದ ದೂರದಲ್ಲಿದ್ದಾರೆ, ಸಂಜೆ ಬರುತ್ತಾರೆ. ಹಗಲೆಲ್ಲ ಮೂರು ಕೋಣೆಗಳೂ ನಮ್ಮವೇ, ಎಷ್ಟು ಜೋರಾಗಿ ಬೇಕಾದರೂ ಮಾತಾಡಬಹುದು. ಆದರೆ ನಾನು ಈ ಮೂಲೆಯ ಮೇಜಿನಲ್ಲಿ ಬರೆಯುತ್ತಿರುತ್ತೇನೆ, ಇಲ್ಲವೇ ಪತ್ರಿಕೆಯ ಹಿಂದೆ ಇರುತ್ತೇನೆ. ಅವಳು ಆಚೆ ಕೋಣೆಯಲ್ಲಿ. "ಕಾಫಿ ಬೇಕಾ?" "ಬೇಡ." "ಫ್ಯಾನು ಹಾಕಲಾ?" "ಹೂಂ."

"ಈಗ ಏನಾದ್ರೂ ಹೇಳೋದಿತ್ತಾ?" ಎಂದು ಕೇಳಿದೆ.

"ಇತ್ತು. ಬಹಳ ದಿನದಿಂದ ಇತ್ತು" ಎಂದಳು ಶೈಲಾ. "ಮೊದಲು ಆ ಕಾಗದ ಒಳಗಿಡಿ."

ಮೇಜಿನ ಖಾನೆಯೊಳಗೆ ಇಟ್ಟು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ. ಅವಳು ಶುರುಮಾಡಿದಳು. ಸಂಜೆ ಮಗಳು ಬಂದು ಬಾಗಿಲು ಬಡಿದಾಗ ನಮಗೆ ಇಬ್ಬರಿಗೂ ಕೇಳಿಸಲಿಲ್ಲವಂತೆ. ಮೂರು ಸಲ ಬಡಿದಳಂತೆ.